ಸಾವು ಹೈವೇಯಲ್ಲಿ, ಪೊಲೀಸರು ಸಿಗ್ನಲ್‌ನಲ್ಲಿ: ದಂಡದ ದುಡ್ಡು ಎಲ್ಲಿಗೆ ಹೋಗಬೇಕು?

ಹಾವೇರಿಯವನು

ನೇರವಾಗಿ ವಿಷಯಕ್ಕೆ ಬರುತ್ತೇನೆ. 2023ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 12,300ಕ್ಕೂ ಹೆಚ್ಚು ಜನ. ದಿನಕ್ಕೆ ಮೂವತ್ತಮೂರು, ಮೂವತ್ತನಾಲ್ಕು ಹೆಣ. ಅದೇ ವರ್ಷ ಬೆಂಗಳೂರು ನಗರದಲ್ಲಿ ಸತ್ತವರು 900 ಚಿಲ್ಲರೆ. ಅಂದರೆ ಉಳಿದ ಹನ್ನೊಂದು ಸಾವಿರಕ್ಕೂ ಜಾಸ್ತಿ ಜನ ಸತ್ತಿದ್ದು ಬೆಂಗಳೂರಿನ ಹೊರಗೆ, ಹೈವೇಗಳಲ್ಲಿ, ತಾಲ್ಲೂಕು ರಸ್ತೆಗಳಲ್ಲಿ, ಹಳ್ಳಿ ಕ್ರಾಸ್‌ಗಳಲ್ಲಿ.

ಈಗ ಹೇಳಿ, ಕ್ಯಾಮೆರಾ, ಕಂಟ್ರೋಲ್ ರೂಮು, ಹೊಸ ಆ್ಯಪ್ ಅಂತ ಸುದ್ದಿ ಬರುವುದು ಎಲ್ಲಿಂದ? 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಿಗೆ 330 ಕ್ಯಾಮೆರಾ ಬಂದವು. ಬರಲಿ, ಒಳ್ಳೆಯದೇ. ಆದರೆ ಜಂಕ್ಷನ್‌ನಲ್ಲಿ ಗಾಡಿಗಳು ತೆವಳುತ್ತಿರುತ್ತವೆ. ನಮ್ಮ ಜಿಲ್ಲೆಯಲ್ಲಿ ಹೆದ್ದಾರಿ 48ರ ಮೇಲೆ ರಾತ್ರಿ ಎರಡು ಗಂಟೆಗೆ ಬಂದು ನೋಡಿ, ಗಾಡಿಗಳು ಯಾವ ವೇಗದಲ್ಲಿ ಹೋಗುತ್ತವೆ, ಒಬ್ಬನೇ ಒಬ್ಬ ಪೊಲೀಸ್ ಕಣ್ಣಿಗೆ ಬೀಳುತ್ತಾನಾ ಅಂತ.

2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ಟಿಟಿ (ಟೆಂಪೊ ಟ್ರಾವೆಲರ್) ಗುದ್ದಿ 13 ಜನ ಹೋದರು. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆ ವಾಪಸ್ ಹೊರಟಿದ್ದ ಒಂದೇ ಊರಿನವರು. ಅದಕ್ಕೂ ಎಂಟು ತಿಂಗಳು ಮುಂಚೆ, 2023ರ ಅಕ್ಟೋಬರ್‌ನಲ್ಲಿ, ಚಿಕ್ಕಬಳ್ಳಾಪುರದ ಹೊರಗೆ ನಿಂತಿದ್ದ ಟ್ಯಾಂಕರ್‌ಗೆ ಸುಮೋ ಗುದ್ದಿ 13 ಜನ. ಎರಡರಲ್ಲೂ ಮುಂದೆ ಇದ್ದದ್ದು ನಿಂತ ಗಾಡಿ. ಒಂದು ಪೆಟ್ರೋಲಿಂಗ್ ಜೀಪು ಅರ್ಧ ಗಂಟೆ ಮೊದಲು ಆ ದಾರಿಯಲ್ಲಿ ಬಂದು "ಏ, ಗಾಡಿ ತೆಗಿ" ಅಂದಿದ್ದರೆ?

ನನ್ನ ಪ್ರಶ್ನೆ ಒಂದೇ. 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟು ಹಳೇ ದಂಡ ವಸೂಲಿ ಮಾಡಿದರಲ್ಲ, ಸುಮಾರು 120 ಕೋಟಿ ಬಂತು. 2025ರಲ್ಲಿ ಮತ್ತೆ ಅದೇ ರಿಯಾಯಿತಿ. ಆ ದುಡ್ಡಿನಲ್ಲಿ ಹೈವೇಗೆ ಎಷ್ಟು ಜೀಪು ಬಂತು?

ನಿವೃತ್ತ ಎಎಸ್‌ಐ

ಹಾವೇರಿಯವರೇ, ಒಳಗಿನವನಾಗಿ ಹೇಳುತ್ತೇನೆ. ದಂಡದ ದುಡ್ಡು ಸ್ಟೇಷನ್‌ಗೆ ಬರುವುದಿಲ್ಲ. ಕೈಯಲ್ಲಿ ಹಿಡಿಯುವ ಪಿಡಿಎ ಯಂತ್ರದಲ್ಲಿ ರಸೀದಿ ಹರಿದ ಕೂಡಲೇ ಅದು ಸರ್ಕಾರದ ಖಜಾನೆಗೆ. ಅಲ್ಲಿ ಅಬಕಾರಿ ದುಡ್ಡು, ಸ್ಟಾಂಪ್ ಡ್ಯೂಟಿ ದುಡ್ಡು, ಎಲ್ಲದರ ಜೊತೆ ಸೇರಿಹೋಗುತ್ತದೆ. ವಾಪಸ್ ಬರಬೇಕಾದರೆ ಗೃಹ ಇಲಾಖೆ ಬಜೆಟ್ ಮೂಲಕವೇ ಬರಬೇಕು. ಬರುವಾಗ ಮೊದಲು ಸಂಬಳ, ಆಮೇಲೆ ಕಟ್ಟಡ, ಆಮೇಲೆ ಡೀಸೆಲ್, ಕೊನೆಗೆ ಉಳಿದರೆ ಉಪಕರಣ.

ಜನ ಅಂದುಕೊಂಡಿರುವುದು ಯಂತ್ರ ಕೊಂಡರೆ ಕೆಲಸ ಮುಗಿಯಿತು ಅಂತ. ಕುಡಿದವರನ್ನು ಹಿಡಿಯುವ ಆಲ್ಕೋಮೀಟರ್‌ಗೆ ಊದುವ ಪೈಪ್ ಪ್ರತಿ ಸಲ ಹೊಸದು ಬೇಕು, ಪ್ರಿಂಟ್ ಪೇಪರ್ ಬೇಕು, ಕಾಲಕಾಲಕ್ಕೆ ಕ್ಯಾಲಿಬ್ರೇಶನ್, ಅಂದರೆ ಅಳತೆ ಸರಿಯಿದೆಯಾ ಅನ್ನುವ ಪರೀಕ್ಷೆ ಆಗಬೇಕು. ಆಗದಿದ್ದರೆ ಕೋರ್ಟಿನಲ್ಲಿ ವಕೀಲರು ಮೊದಲು ಕೇಳುವುದೇ ಅದನ್ನು. ಕಾನೂನಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮಿತಿ, ಮೊದಲ ಸಲಕ್ಕೇ ಹತ್ತು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬರೆದಿದೆ. ನಾನಿದ್ದ ಒಂದು ಠಾಣೆಯಲ್ಲಿ ಯಂತ್ರ ಬೀರುವಿನಲ್ಲಿತ್ತು, ಪೈಪ್ ಖಾಲಿ, ಇಂಡೆಂಟ್ (ಬೇಡಿಕೆ ಪತ್ರ) ಬರೆದು ಬರೆದು ಸಾಕಾಯಿತು. ಕಾನೂನು ಎಷ್ಟು ಬಿಗಿ ಇದ್ದರೇನು, ಪೈಪ್ ಇಲ್ಲದೆ ಕೇಸ್ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಸ್ಥಳದಲ್ಲಿ ದಂಡ ಹಾಕುವ ಅಧಿಕಾರ ಎಎಸ್‌ಐ ಮತ್ತು ಮೇಲಿನವರಿಗೆ. ಜಿಲ್ಲೆಗಳಲ್ಲಿ ಅದೇ ಎಎಸ್‌ಐಗೆ ಜಾತ್ರೆ ಬಂದೋಬಸ್ತ್, ಮಂತ್ರಿ ಬಂದರೆ ಬಂದೋಬಸ್ತ್, ಗಣೇಶ ವಿಸರ್ಜನೆ, ಕೋರ್ಟ್ ಡ್ಯೂಟಿ, ಸಮನ್ಸ್ ಜಾರಿ. ರಾತ್ರಿ ಹೈವೇಗೆ ಹೋಗುವವರು ಯಾರು? ಹೋಗಬಾರದು ಅಂತಲ್ಲ ಸ್ವಾಮಿ, ಜನ ಇಲ್ಲ.

ರಸ್ತೆ ಕೆಲಸದವನು

ನಾನು ಒಪ್ಪುವುದಿಲ್ಲ. ಪೊಲೀಸರಿಗೆ ದುಡ್ಡು ಸುರಿದರೆ ಸಾವು ಕಡಿಮೆ ಆಗುತ್ತದೆ ಅನ್ನುವುದು ಅರ್ಧ ಸತ್ಯ. ನಾನು ಇಪ್ಪತ್ತು ವರ್ಷದಿಂದ ಹೆದ್ದಾರಿ ಗುತ್ತಿಗೆ ಕೆಲಸದಲ್ಲಿದ್ದೇನೆ. ಸರ್ವಿಸ್ ರೋಡ್ ಇಲ್ಲದ ಕಡೆ ಹಳ್ಳಿಯವನು ಅಡ್ಡ ದಾಟಲೇಬೇಕು. ರಸ್ತೆ ನಡುವಿನ ಮೀಡಿಯನ್ ಒಡೆದು ಪೆಟ್ರೋಲ್ ಬಂಕಿನವನು ದಾರಿ ಮಾಡಿಕೊಂಡಿರುತ್ತಾನೆ. ಹಂಪ್‌ಗೆ ಬಣ್ಣ ಇಲ್ಲ, ತಿರುವಿನಲ್ಲಿ ರಿಫ್ಲೆಕ್ಟರ್ ಕಿತ್ತುಹೋಗಿದೆ. ಇಂಥ ಕಡೆ ನೂರು ಪೊಲೀಸರನ್ನು ನಿಲ್ಲಿಸಿದರೂ ಜನ ಸಾಯುತ್ತಾರೆ. ಮೊದಲು ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ ಸರಿಮಾಡಿ. ಆಮೇಲೆ ಜೀಪು, ಕ್ಯಾಮೆರಾ.

ಮತ್ತೆ ಸ್ವಲ್ಪ ಕಹಿ ಮಾತು. ಪೊಲೀಸ್ ಜೀಪು ಜಾಸ್ತಿ ಆದರೆ ನಮ್ಮ ಟಿಪ್ಪರ್ ಚಾಲಕರ ಜೇಬಿಗೆ ಕೈ ಜಾಸ್ತಿ ಬೀಳುತ್ತದೆ ಅಷ್ಟೇ ಅನ್ನುವ ಭಯ ನಮ್ಮವರಲ್ಲಿ ಇದೆ. ಅದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನ ಇಲ್ಲ.

ಮದ್ದೂರಿನವಳು

ರಸ್ತೆ ಕೆಲಸದಣ್ಣ, ನಮ್ಮ ಮನೆ ಮುಂದೆಯೇ ನಿಮ್ಮ ಮಾತಿಗೆ ಉತ್ತರ ಇದೆ.

ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದರು. ಹೊಚ್ಚ ಹೊಸ ರಸ್ತೆ, ಅಗಲ, ನುಣುಪು. ಆ ವರ್ಷ ಮೇ ತಿಂಗಳೊಂದರಲ್ಲೇ 29 ಜನ, ಜೂನ್‌ನಲ್ಲಿ 28 ಜನ ಸತ್ತರು. ಆಂಬುಲೆನ್ಸ್ ಸದ್ದು ಕೇಳದೆ ಮಲಗಿದ ರಾತ್ರಿ ನಮ್ಮ ಕಡೆಯವರಿಗೆ ಇರಲಿಲ್ಲ. ರಸ್ತೆ ಹೊಸದಾದಷ್ಟೂ ಗಾಡಿ ಓಡಿಸುವವರ ಕಾಲು ಆಕ್ಸಿಲರೇಟರ್ ಮೇಲೆ ಭಾರ ಆಗುತ್ತದೆ, ಇದು ನಿಮಗೂ ಗೊತ್ತಲ್ವಾ?

ಆಮೇಲೆ ಏನಾಯಿತು? ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಎಡಿಜಿಪಿ ಅಲೋಕ್ ಕುಮಾರ್ ಇದರ ಬೆನ್ನು ಬಿದ್ದರು. ಸ್ಪೀಡ್ ಗನ್ ಹಿಡಿದು ಪೊಲೀಸರು ನಿಂತರು, 100 ಕಿಲೋಮೀಟರ್ ಮಿತಿ ದಾಟಿದವರಿಗೆ ದಂಡ. ಜುಲೈನಲ್ಲಿ ಸಾವು 8ಕ್ಕೆ ಇಳಿಯಿತು. ಆಗಸ್ಟ್ 1ರಿಂದ ಹೆದ್ದಾರಿ ಪ್ರಾಧಿಕಾರ ಬೈಕು, ಆಟೊ, ಟ್ರ್ಯಾಕ್ಟರ್ ನಿಷೇಧಿಸಿತು. ಮುಂದಿನ ವರ್ಷ ಕ್ಯಾಮೆರಾ ಕಂಬಗಳು ಬಂದವು. 2024ರ ಆಗಸ್ಟ್‌ನಿಂದ 130 ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್ ಅಂದರು. ಪೊಲೀಸರ ಲೆಕ್ಕದಲ್ಲಿ 2023ರಲ್ಲಿ ಈ ರಸ್ತೆಯಲ್ಲಿ ಸತ್ತವರು 188, 2024ರಲ್ಲಿ 50.

ಗಮನಿಸಿ, ಜುಲೈನಲ್ಲಿ ಇಳಿದಾಗ ಬೈಕ್ ನಿಷೇಧ ಇನ್ನೂ ಬಂದಿರಲಿಲ್ಲ.

ಎಲ್ಲಾ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಬೈಕ್‌ನವರನ್ನು ಸರ್ವಿಸ್ ರೋಡಿಗೆ ತಳ್ಳಿದರು, ಅಲ್ಲಿ ದೀಪ ಇಲ್ಲ, ಮಳೆ ಬಂದರೆ ಅಂಡರ್‌ಪಾಸ್‌ನಲ್ಲಿ ಮೊಣಕಾಲುದ್ದ ನೀರು, ಕಬ್ಬಿನ ಗಾಡಿ ಎದುರು ಬಂದರೆ ಪಕ್ಕಕ್ಕೆ ಹೋಗಲು ಜಾಗ ಇಲ್ಲ. ಅದಕ್ಕೆ ನಾವು ಈಗಲೂ ಅರ್ಜಿ ಹಿಡಿದು ಓಡಾಡುತ್ತಿದ್ದೇವೆ. ಆದರೂ ಒಂದು ರಸ್ತೆಗೆ ಪೊಲೀಸರು, ಕ್ಯಾಮೆರಾ, ಒಬ್ಬ ಅಧಿಕಾರಿಯ ಹಟ ಮೂರೂ ಸಿಕ್ಕಿದರೆ ಒಂದು ವರ್ಷದಲ್ಲಿ ಏನಾಗುತ್ತದೆ ಅಂತ ಕಣ್ಣಾರೆ ನೋಡಿದ್ದೇವೆ. ಸುಮಾರು 119 ಕಿಲೋಮೀಟರ್ ರಸ್ತೆಗೆ ಸಿಕ್ಕಿದ್ದು ರಾಜ್ಯದ ಉಳಿದ ಹೆದ್ದಾರಿಗಳಿಗೆ ಯಾಕೆ ಸಿಗಬಾರದು?

ಹಾವೇರಿಯವನು

ಅಕ್ಕ, ನಾನು ಹೇಳಬೇಕೆಂದಿದ್ದು ಇದೇ. ಮೈಸೂರು ರಸ್ತೆಯಲ್ಲಿ ಓಡಾಡುವವರು ಬೆಂಗಳೂರಿನವರು, ಟಿವಿಯವರು, ಸಚಿವರು. ಅದಕ್ಕೇ ಗಲಾಟೆ ಆಯಿತು, ಕೆಲಸವೂ ಆಯಿತು. ಯಲ್ಲಾಪುರದ ಅರಬೈಲ್ ಘಟ್ಟದ ಕಡೆ ಯಾರು ನೋಡುತ್ತಾರೆ? 2025ರ ಜನವರಿಯಲ್ಲಿ ನಮ್ಮ ಸವಣೂರಿನ ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆ ಹೊರಟಿದ್ದವರು, ಲಾರಿಯಲ್ಲಿ ತರಕಾರಿ ಮೂಟೆಗಳ ಜೊತೆಗೇ ಕೂತಿದ್ದರು. ಲಾರಿ ಪಲ್ಟಿಯಾಗಿ ಹತ್ತು ಜನ ಸತ್ತರು. ಸರಕು ಲಾರಿಯಲ್ಲಿ ಅಷ್ಟು ಜನ ಕೂತು ಹೊರಟಾಗ ಸವಣೂರಿನಿಂದ ಯಲ್ಲಾಪುರದವರೆಗೆ ಒಬ್ಬರಾದರೂ ತಡೆದು ಇಳಿಸಬೇಕಿತ್ತು.

ಬಡವರಿಗೆ ಬೇರೆ ಗಾಡಿ ಇಲ್ಲ ಅನ್ನುವುದೂ ನಿಜ. ಸಂತೆ ದಿನ ಬೆಳಗಿನ ಜಾವ ಒಂದು ಬಸ್ಸು ಬಿಟ್ಟರೂ ಸಾಕಿತ್ತು.

ಲಾರಿ ಸ್ಟೇರಿಂಗ್

ಎಲ್ಲರೂ ನಿಂತ ಲಾರಿ, ನಿಂತ ಲಾರಿ ಅಂತೀರಿ. ಯಾಕೆ ನಿಲ್ಲಿಸುತ್ತೇವೆ ಅಂತ ಯಾರಾದರೂ ಕೇಳಿದಿರಾ? ನಿದ್ದೆ ತಡೆಯಲು ಆಗದೆ ನಿಲ್ಲಿಸುತ್ತೇವೆ. ಪುಣೆಯಿಂದ ಹೊರಟರೆ ಹುಬ್ಬಳ್ಳಿ ದಾಟುವ ಹೊತ್ತಿಗೆ ಕಣ್ಣು ತಾನೇ ಮುಚ್ಚುತ್ತದೆ. ಕ್ಲೀನರ್ ಇಟ್ಟುಕೊಳ್ಳಲು ಮಾಲೀಕರು ದುಡ್ಡು ಕೊಡುವುದಿಲ್ಲ, ಎರಡನೇ ಡ್ರೈವರ್ ಮಾತೇ ಇಲ್ಲ. ಲಾರಿ ನಿಲ್ಲಿಸಲು ಜಾಗ ಎಲ್ಲಿದೆ? ಡಾಬಾ ತುಂಬಿರುತ್ತದೆ, ಬಂಕಿನವರು ಡೀಸೆಲ್ ಹಾಕಿಸದಿದ್ದರೆ ಓಡಿಸುತ್ತಾರೆ.

ಪೊಲೀಸರು ಬೇಡ ಅಂತ ನಾನು ಹೇಳುವುದಿಲ್ಲ. ರಾತ್ರಿ ಗಾಡಿ ಕೆಟ್ಟು ನಿಂತಾಗ ಹಿಂದೆ ಬಂದು ಕೆಂಪು ಲೈಟ್ ಹಾಕಿ ನಿಲ್ಲುವ ಜೀಪು ಬಂದರೆ ಅವರ ಕಾಲಿಗೆ ನಮಸ್ಕಾರ ಮಾಡುತ್ತೇನೆ. ಅಂಥ ಜೀಪನ್ನೂ ನೋಡಿದ್ದೇನೆ, ಬರೀ ಕೈ ಚಾಚುವ ಜೀಪನ್ನೂ ನೋಡಿದ್ದೇನೆ. ಯಾವುದು ಬೇಕು ಅಂತ ನೀವು ದುಡ್ಡು ಕೇಳುವಾಗಲೇ ಬರೆಯಿರಿ. ಲಾರಿ ನಿಲ್ಲಿಸುವ ಜಾಗ, ಟೋಯಿಂಗ್ ಕ್ರೇನು, ದೀಪ, ಕೋನ್. ದಂಡ ಎಲ್ಲಾ ಕ್ಯಾಮೆರಾದಿಂದ ಬರಲಿ, ರಸ್ತೆಯಲ್ಲಿ ಕೈಗೆ ಕಾಸು ಕೊಡುವುದೇ ಇರಬಾರದು.

ಬೆಂಗಳೂರು ಪಾದಚಾರಿ

ಬೆಂಗಳೂರಿನ 900 ಸಾವು ಕಡಿಮೆ ಅನ್ನುವ ಹಾಗೆ ಮಾತಾಡಬೇಡಿ ದಯವಿಟ್ಟು. ಇಲ್ಲೂ ರಿಂಗ್ ರೋಡಿನಲ್ಲಿ, ಬಳ್ಳಾರಿ ರೋಡಿನಲ್ಲಿ, ತುಮಕೂರು ರೋಡಿನಲ್ಲಿ ಜನ ಸಾಯುವುದು ರಾತ್ರಿಯೇ, ವೇಗದಿಂದಲೇ. ಫುಟ್‌ಪಾತ್ ಮೇಲೆ ಬೈಕ್ ಓಡಿಸುವವರನ್ನು ತಡೆಯಲು ಹೋಗಿ ನಾನು ಬೈಸಿಕೊಂಡಿದ್ದೇನೆ. ಪೊಲೀಸ್ ಆ್ಯಪ್‌ಗೆ ಫೋಟೊ ಹಾಕಿದರೆ ದಂಡ ಬೀಳುತ್ತದೆ ನಿಜ, ಆದರೆ ಆ ದಂಡ ಎರಡು ವರ್ಷ ಕಟ್ಟದೆ ಕೂತವನಿಗೆ ಅರ್ಧ ಮಾಫಿ. ಮೊದಲೇ ಕಟ್ಟಿದವನು ದಡ್ಡನಾ? ಆ ರಿಯಾಯಿತಿಯನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ಮುಂದಿನ ರಿಯಾಯಿತಿ ಬರುತ್ತದೆ ಬಿಡು ಅಂತ ಈಗ ಎಲ್ಲರೂ ಕಾಯುತ್ತಾರೆ.

ಬೆಂಗಳೂರಿನಿಂದ ಕಿತ್ತು ಹಾವೇರಿಗೆ ಕೊಡಿ ಅನ್ನಬೇಡಿ. ದಂಡದ ದುಡ್ಡಿನಿಂದಲೇ ಎರಡೂ ಕಡೆಗೆ ಕೊಡಿ ಅನ್ನಿ.

ನಿವೃತ್ತ ಎಎಸ್‌ಐ

ಪಾದಚಾರಿಯವರು ಹೇಳಿದ್ದು ಸರಿ. ಅದಕ್ಕೆ ಕಾನೂನಿನ ದಾರಿಯೂ ಇದೆ. 2017ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ಎಲ್ಲಾ ರಾಜ್ಯಗಳಿಗೂ ಹೇಳಿತು, ರಸ್ತೆ ಸುರಕ್ಷತಾ ನಿಧಿ ಮಾಡಿ, ಸಂಚಾರ ದಂಡದಲ್ಲಿ ಒಂದು ಪಾಲನ್ನು ಅದಕ್ಕೆ ಹಾಕಿ ಅಂತ. ನಮ್ಮಲ್ಲೂ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರದ ಕಾಯ್ದೆ 2017ರದ್ದೇ. ಕೇರಳದವರು ಇದನ್ನು 2007ರಲ್ಲೇ ಕಾನೂನು ಮಾಡಿ, ದಂಡದ ಹಣದಲ್ಲಿ ಅರ್ಧ ನಿಧಿಗೆ ಅಂತ ಬರೆದುಕೊಂಡರು.

ಕೇರಳದ ಮಾತು ಬಂತಲ್ಲ, ಇದನ್ನೂ ನೋಡಿ. 2023ರಲ್ಲಿ ಕೇರಳದಲ್ಲಿ 48 ಸಾವಿರ ಅಪಘಾತ, ನಮ್ಮಲ್ಲಿ 43 ಸಾವಿರ. ಸತ್ತವರು ಅಲ್ಲಿ 4,080, ನಮ್ಮಲ್ಲಿ ಮೂರು ಪಟ್ಟು. ಅಲ್ಲಿ ರಸ್ತೆ ಕಿರಿದು, ವೇಗ ಕಡಿಮೆ, ಆಸ್ಪತ್ರೆ ಹತ್ತಿರ, ಸಣ್ಣ ಅಪಘಾತಕ್ಕೂ ಕೇಸ್ ಬರೆಯುತ್ತಾರೆ, ಎಲ್ಲಾ ಕಾರಣ ಸೇರಿದೆ. ಆದರೆ 2023ರ ಜೂನ್‌ನಲ್ಲಿ ಅವರು ಹಾಕಿದ 726 ಕ್ಯಾಮೆರಾ ತಿರುವನಂತಪುರಕ್ಕೆ ಮಾತ್ರ ಅಲ್ಲ, ಇಡೀ ರಾಜ್ಯಕ್ಕೆ. ಬಹುಪಾಲು ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ನೋಡುವುದಕ್ಕೇ ಇರುವಂಥವು.

ಶಿರಸಿ ತಂಗಿ

ಹೆಲ್ಮೆಟ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಅಣ್ಣ ಬೈಕ್‌ನಲ್ಲಿ ಹೋದವನು ವಾಪಸ್ ಬರಲಿಲ್ಲ. ತಲೆಗೆ ಹಾಕಿದ್ದು ಹಾಫ್ ಹೆಲ್ಮೆಟ್, ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವಂಥದ್ದು. ಪೊಲೀಸ್ ನೋಡಿದರೆ ದಂಡ ತಪ್ಪಲಿ ಅಂತ ಹಾಕಿಕೊಂಡಿದ್ದು ಅಷ್ಟೇ. ಡಾಕ್ಟರ್ ಹೇಳಿದ್ದು, ಬೇರೆ ಎಲ್ಲೂ ಪೆಟ್ಟಿರಲಿಲ್ಲ.

2022ರಲ್ಲಿ ದೇಶದಲ್ಲಿ ಸತ್ತ 1,68,491 ಜನರಲ್ಲಿ 50,029 ಜನ ಹೆಲ್ಮೆಟ್ ಹಾಕದ ಬೈಕ್ ಸವಾರರು ಮತ್ತು ಹಿಂದೆ ಕೂತವರು. ಆ ಲೆಕ್ಕ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ. ಮಾರುವವನ ಹತ್ತಿರ ಹೋಗಿ ಐಎಸ್‌ಐ ಇಲ್ಲದ ಹೆಲ್ಮೆಟ್ ಜಪ್ತಿ ಮಾಡಿ. ಹಾಕಿಕೊಂಡವನನ್ನು ಮಾತ್ರ ಹಿಡಿಯುತ್ತೀರಿ, ಮಾರಿದವನು ನಾಳೆಯೂ ಅಲ್ಲೇ ಕೂತಿರುತ್ತಾನೆ.

ಮದ್ದೂರಿನವಳು

ತಂಗಿ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನಿಮ್ಮ ಮಾತು ನಮ್ಮ ಬೇಡಿಕೆಗಳ ಪಟ್ಟಿಗೆ ಸೇರಲೇಬೇಕು.

ಹೆಲ್ಮೆಟ್ ತಪಾಸಣೆ ಬಗ್ಗೆ ಮಂಡ್ಯದವಳಾಗಿ ಒಂದು ಮಾತು. 2025ರ ಮೇ ತಿಂಗಳಲ್ಲಿ ನಮ್ಮ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ ತಂದೆ ತಾಯಿ ಜೊತೆ ಇದ್ದ ಪುಟ್ಟ ಮಗು ಕೆಳಗೆ ಬಿದ್ದು ಸತ್ತಿತು. ನಾಯಿ ಕಚ್ಚಿದೆ ಅಂತ ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದ ಮಗು. ಮೂವರು ಎಎಸ್‌ಐಗಳು ಅಮಾನತಾದರು. ಆಮೇಲೆ ಡಿಜಿಪಿ ಸುತ್ತೋಲೆ ಬಂತು, ಕಣ್ಣಿಗೆ ಕಾಣುವ ತಪ್ಪಿಲ್ಲದೆ ಗಾಡಿ ತಡೆಯಬೇಡಿ, ಕೀ ಕಿತ್ತುಕೊಳ್ಳಬೇಡಿ ಅಂತ. ಗಾಡಿ ಮುಂದೆ ಹಾರಿ ಹಿಡಿಯುವ ಪದ್ಧತಿ ಇನ್ನು ಎಲ್ಲೂ ಇರಬಾರದು. ದುಡ್ಡು ಕೇಳುವಾಗ ತರಬೇತಿಗೂ ಕೇಳಿ, ಕ್ಯಾಮೆರಾಗೂ ಕೇಳಿ.

ಮೆಲ್ಬರ್ನ್ ಕನ್ನಡಿಗ

ನಾನು ದಾವಣಗೆರೆಯವನು, ಈಗ ಮೆಲ್ಬರ್ನ್‌ನಲ್ಲಿದ್ದೇನೆ. ವಿದೇಶದ ಪುರಾಣ ಬೇಡ ಅನ್ನಬೇಡಿ, ಯಾಕೆಂದರೆ ಪೊಲೀಸರ ಕೆಲಸಕ್ಕೆ ದುಡ್ಡು ಎಲ್ಲಿಂದ ತರಬೇಕು ಅನ್ನುವುದಕ್ಕೆ ಇಲ್ಲಿಯ ಕಥೆ ನೇರವಾಗಿ ಸಂಬಂಧಿಸಿದ್ದು.

ಇಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ಥರ್ಡ್ ಪಾರ್ಟಿ ವಿಮೆ ನೋಡಿಕೊಳ್ಳುವುದು ಸರ್ಕಾರದ್ದೇ ಒಂದು ಸಂಸ್ಥೆ, ಟ್ರಾನ್ಸ್‌ಪೋರ್ಟ್ ಆ್ಯಕ್ಸಿಡೆಂಟ್ ಕಮಿಷನ್, ಟಿಎಸಿ ಅಂತಾರೆ. ಗಾಡಿ ನೋಂದಣಿಯ ಜೊತೆಗೇ ಅದರ ಹಣ ಕಟ್ಟಬೇಕು. ಅಪಘಾತ ಆದರೆ ಆಸ್ಪತ್ರೆ ಖರ್ಚು, ಪರಿಹಾರ ಎಲ್ಲಾ ಅದೇ ಕೊಡುತ್ತದೆ. 1989ರಲ್ಲಿ ಇಲ್ಲಿ 776 ಜನ ಸತ್ತಿದ್ದರು. ಆಗ ಟಿಎಸಿ ಲೆಕ್ಕ ಹಾಕಿತು, ಹೀಗೇ ಪರಿಹಾರ ಕೊಡುತ್ತಾ ಹೋಗುವುದಕ್ಕಿಂತ ಪೊಲೀಸರಿಗೆ ಸ್ಪೀಡ್ ಕ್ಯಾಮೆರಾ ಮತ್ತು ಕುಡಿದವರನ್ನು ಪರೀಕ್ಷಿಸುವ ದೊಡ್ಡ ಬಸ್ಸುಗಳನ್ನು ತಾನೇ ಕೊಡಿಸುವುದು ಅಗ್ಗ ಅಂತ. ಜೊತೆಗೆ ಟಿವಿ ಜಾಹೀರಾತು. 1992ಕ್ಕೆ ಸಾವು 396. ಮೂರು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ. ಆರ್ಥಿಕ ಹಿಂಜರಿತದಿಂದ ಗಾಡಿ ಓಡಾಟ ಕಡಿಮೆಯಾಗಿದ್ದೂ ಒಂದು ಕಾರಣ, ಆದರೆ ಅದೊಂದೇ ಅಲ್ಲ.

ನಮ್ಮಲ್ಲೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ವಿಮಾ ಕಂಪನಿಗಳು ವರ್ಷವಿಡೀ ಅಪಘಾತ ಪರಿಹಾರ ತೀರ್ಮಾನಿಸುವ ಎಂಎಸಿಟಿ ಕೋರ್ಟುಗಳಲ್ಲಿ ಪರಿಹಾರ ಕಟ್ಟುತ್ತಾ, ಮೇಲ್ಮನವಿ ಹಾಕುತ್ತಾ ಕೂತಿವೆ. ಸಾವು ಕಡಿಮೆಯಾದರೆ ಮೊದಲು ದುಡ್ಡು ಉಳಿಯುವುದು ಅವರಿಗೆ. ಹಾಗಿದ್ದ ಮೇಲೆ ಪ್ರೀಮಿಯಂನಲ್ಲಿ ಸಣ್ಣ ಪಾಲು ಆಯಾ ಜಿಲ್ಲೆಯ ಹೆದ್ದಾರಿ ಗಸ್ತಿಗೆ ಹೋಗಲಿ ಅಂತ ಕೇಳಬಹುದಲ್ವಾ? ದಂಡದ ದುಡ್ಡನ್ನು ಮಾತ್ರ ನಂಬಿದರೆ ಒಂದು ತೊಂದರೆ ಇದೆ. ಜನ ನಿಯಮ ಪಾಲಿಸಲು ಶುರು ಮಾಡಿದರೆ ದಂಡ ಇಳಿಯುತ್ತದೆ, ದುಡ್ಡೂ ಇಳಿಯುತ್ತದೆ, ಆಗ ಇಲಾಖೆಯವರು ಸುಲಭಕ್ಕೆ ಸಿಗುವ ನೋ ಪಾರ್ಕಿಂಗ್ ಹಿಂದೆ ಬೀಳುತ್ತಾರೆ.

ರಸ್ತೆ ಕೆಲಸದವನು

ಮೆಲ್ಬರ್ನ್‌ನವರ ಕೊನೇ ಮಾತು ಬಹಳ ಮುಖ್ಯ. ಟಾರ್ಗೆಟ್ ಕೊಟ್ಟು ದಂಡ ವಸೂಲಿ ಮಾಡಿಸಿದರೆ ಪೊಲೀಸರು ಊರೊಳಗೆ ಮರದ ನೆರಳಲ್ಲಿ ನಿಂತು ಕೇಸ್ ಬರೆಯುತ್ತಾರೆ, ಸಾವಿನ ಜಾಗಕ್ಕೆ ಹೋಗುವುದಿಲ್ಲ. ಎಷ್ಟು ದಂಡ ಬಂತು ಅನ್ನುವುದನ್ನು ಬಿಟ್ಟು ನಿಮ್ಮ ಪಾಲಿನ ಇಪ್ಪತ್ತು ಕಿಲೋಮೀಟರ್‌ನಲ್ಲಿ ಎಷ್ಟು ಜನ ಸತ್ತರು ಅಂತ ಮೇಲಧಿಕಾರಿಗಳು ಕೇಳುವುದಾದರೆ ನಾನೂ ನಿಮ್ಮ ಜೊತೆ. ಆದರೆ ಬ್ಲ್ಯಾಕ್ ಸ್ಪಾಟ್ ಮೊದಲು ಅನ್ನುವ ಮಾತು ಬಿಡುವುದಿಲ್ಲ.

ಹಾವೇರಿಯವನು

ಬಿಡಬೇಡಿ ಅಣ್ಣ, ಎರಡೂ ಬೇಕು.

ಪಂಜಾಬ್ ಉದಾಹರಣೆ ಹೇಳುತ್ತೇನೆ. 2024ರ ಜನವರಿಯಲ್ಲಿ ಅವರು 'ಸಡಕ್ ಸುರಖ್ಯಾ ಫೋರ್ಸ್' ಅಂತ ರಸ್ತೆಗೇ ಮೀಸಲಾದ ಪಡೆ ಶುರು ಮಾಡಿದರು. 144 ಗಾಡಿ, ಹೆದ್ದಾರಿಯಲ್ಲಿ ಪ್ರತಿ 30 ಕಿಲೋಮೀಟರ್‌ಗೆ ಒಂದು. ಒಳಗೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕಬ್ಬಿಣ ಕತ್ತರಿಸುವ ಸಾಮಾನು. ಅಪಘಾತವಾದ ಕೂಡಲೇ ತಲುಪುವುದು ಅವರ ಮೊದಲ ಕೆಲಸ. ಸಾವು ಅರ್ಧದಷ್ಟು ಇಳಿದಿದೆ ಅಂತ ಅಲ್ಲಿನ ಸರ್ಕಾರ ಹೇಳುತ್ತದೆ. ಸರ್ಕಾರ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಇದ್ದೇ ಇದೆ, ಆ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಆ ಪಡೆಯವರನ್ನು ಬಂದೋಬಸ್ತ್‌ಗೆ ಕರೆಯದೆ ರಸ್ತೆಗೇ ಬಿಡುವುದು ಎಎಸ್‌ಐ ಸರ್ ಹೇಳಿದ ಕಾಯಿಲೆಗೆ ಸರಿಯಾದ ಮದ್ದು.

ನಿವೃತ್ತ ಎಎಸ್‌ಐ

ಹೌದು. ಜೀಪು ಕೊಟ್ಟು ಸಿಬ್ಬಂದಿ ಕೊಡದಿದ್ದರೆ ಆರು ತಿಂಗಳಲ್ಲಿ ಆ ಜೀಪು ಯಾರೋ ಸಾಹೇಬರ ಮನೆ ಮುಂದೆ ನಿಂತಿರುತ್ತದೆ. ಹುದ್ದೆ ಮಂಜೂರಾತಿ ಆದೇಶದಲ್ಲೇ "ಬೇರೆ ಕರ್ತವ್ಯಕ್ಕೆ ಬಳಸತಕ್ಕದ್ದಲ್ಲ" ಅಂತ ಬರೆಸಬೇಕು.

ಈಗ ಕೆಲಸದ ಮಾತು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇದೆ. ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿ ಪ್ರಾಧಿಕಾರ ಎಲ್ಲರೂ ಕೂರುತ್ತಾರೆ. ಆ ಸಭೆಗೆ ಕಾಗದ ಕೊಡಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು. ಅದಕ್ಕೆ ಎಸ್‌ಪಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಉದ್ದ ಬರೆದರೆ ವಾಪಸ್ ಕಳಿಸುತ್ತಾರೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿ.

ಕೇಳಬೇಕಾದದ್ದು: ಜಿಲ್ಲೆಯಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿರುವ ಆಲ್ಕೋಮೀಟರ್ ಎಷ್ಟು, ಸ್ಪೀಡ್ ಗನ್ ಎಷ್ಟು, ಕೊನೆಯ ಕ್ಯಾಲಿಬ್ರೇಶನ್ ದಿನಾಂಕ ಯಾವುದು, ಹೆದ್ದಾರಿ ಗಸ್ತು ವಾಹನ ಎಷ್ಟು, ರಾತ್ರಿ ಪಾಳಿಗೆ ಮಂಜೂರಾದ ಸಿಬ್ಬಂದಿ ಎಷ್ಟು, ನಿಜವಾಗಿ ಇರುವವರು ಎಷ್ಟು. ಅಷ್ಟೇ. ದಂಡದ ಹಣದ ಪ್ರಶ್ನೆ ಬೇರೆ ಅರ್ಜಿ, ಅದು ಬೆಂಗಳೂರಿಗೆ ಹೋಗಬೇಕು.

ಶಿರಸಿ ತಂಗಿ

ಉತ್ತರ ಕನ್ನಡದ ಅರ್ಜಿ ನಾನು ಹಾಕುತ್ತೇನೆ ಸರ್. ಹೆಲ್ಮೆಟ್ ಜಪ್ತಿ ಬಗ್ಗೆ ಬೇರೆ ಅರ್ಜಿ ಹಾಕಬೇಕಾ?

ನಿವೃತ್ತ ಎಎಸ್‌ಐ

ಬೇರೆ ಹಾಕಮ್ಮ. ಕರಡು ಬರೆದು ಇಲ್ಲೇ ಹಾಕು, ತಿದ್ದಿ ಕೊಡುತ್ತೇನೆ.

ಲಾರಿ ಸ್ಟೇರಿಂಗ್

ತುಮಕೂರಿನಿಂದ ಬೆಳಗಾವಿವರೆಗೆ ಲಾರಿಗಳು ರಾತ್ರಿ ಎಲ್ಲೆಲ್ಲಿ ಸಾಲಾಗಿ ನಿಲ್ಲುತ್ತವೆ ಅಂತ ನನಗೆ ಬಾಯಿಪಾಠ ಇದೆ. ಕಿಲೋಮೀಟರ್ ಕಲ್ಲಿನ ನಂಬರ್ ಸಮೇತ ಬರೆದು ಕೊಡುತ್ತೇನೆ. ರಸ್ತೆ ಕೆಲಸದಣ್ಣ ನಿಮ್ಮ ಬ್ಲ್ಯಾಕ್ ಸ್ಪಾಟ್ ಪಟ್ಟಿ ಪಕ್ಕ ಇಟ್ಟು ನೋಡಿ. ಎಷ್ಟು ಕಡೆ ಎರಡೂ ಒಂದೇ ಜಾಗ ಬರುತ್ತದೆ ಅಂತ ತಿಳಿದರೆ ಸಾಹೇಬರ ಮುಂದೆ ಇಡಲು ಸುಲಭ.

ರಸ್ತೆ ಕೆಲಸದವನು

ಕಳಿಸಿ. ಚಿತ್ರದುರ್ಗದಿಂದ ಹಾವೇರಿವರೆಗಿನದ್ದು ನನ್ನ ಹತ್ತಿರ ಇದೆ, ಅದರಿಂದಲೇ ಶುರು ಮಾಡೋಣ.